ಫ್ಲಾಟ್‌ಬೆಡ್ ಟ್ರೈಲರ್ ರೋಡಿಗೆ ಇಳಿಸುವ ಮುಂಚೆ ಏನೇನು ಬೇಕು

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. "ಮಾಮ, ಹೊಸೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಹಾರ್ಸ್ ನೋಡಿದ್ದೀನಿ, ನಲವತ್ತಡಿ ಟ್ರೈಲರ್ ಸಮೇತ ಕೊಡ್ತಾರಂತೆ. ಗಾಡಿ ತಗೊಂಡ ಮೇಲೆ ಇನ್ನೇನೇನು ಹಾಕಿಸಬೇಕು?" ಅಂತ ಕೇಳಿದ. ಹಾರ್ಸ್ ಅಂದರೆ ಟ್ರೈಲರ್ ಎಳೆಯುವ ಮುಂದಿನ ಇಂಜಿನ್ ಗಾಡಿ. ಅರ್ಧ ಗಂಟೆ ಹೇಳಿದೆ. ಮರುದಿನ ಅವನ ಜೊತೆಯ ಇನ್ನಿಬ್ಬರು ಹುಡುಗರು ಅದನ್ನೇ ಕೇಳಿದರು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ತಮಿಳುನಾಡು ಗಡಿಯ ನಮ್ಮ ಊರುಗಳಾದ ತಳಿ, ಡೆಂಕಣಿಕೋಟೆ, ಹೊಸೂರು ಕಡೆ ಫ್ಲಾಟ್‌ಬೆಡ್‌ಗೆ ಸಿಗುವ ಲೋಡ್ ಅಂದರೆ ಗ್ರಾನೈಟ್ ಬ್ಲಾಕ್, ಕಂಬಿ, ಸ್ಟೀಲ್ ಕಾಯಿಲ್ (ಸುರುಳಿ ಸುತ್ತಿದ ಉಕ್ಕಿನ ಹಾಳೆ), ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳ ಮೆಷಿನ್. ಬ್ಲಾಕ್ ಹತ್ತಿರಕ್ಕಾದರೆ ಆನೇಕಲ್ ದಾಟಿ ಜಿಗಣಿಗೆ ಹೋಗುತ್ತದೆ, ದೂರಕ್ಕಾದರೆ ಕೃಷ್ಣಗಿರಿ ಮೇಲೆ ಚೆನ್ನೈ ಬಂದರಿಗೆ. ಇವು ಯಾವುದೂ ಹಗುರದ ಮಾಲಲ್ಲ. ಮಾಮೂಲಿ ಲಾರಿಗೆ ಸುತ್ತ ಬಾಡಿ ಇರುತ್ತದೆ, ಮಾಲು ಸ್ವಲ್ಪ ಜರುಗಿದರೂ ಅದು ತಡೆಯುತ್ತದೆ. ಫ್ಲಾಟ್‌ಬೆಡ್‌ಗೆ ಅದಿಲ್ಲ. ನೀವು ಕಟ್ಟಿದ ಚೈನ್, ಬೆಲ್ಟು ಬಿಟ್ಟರೆ ಬೇರೆ ತಡೆಯೇ ಇಲ್ಲ. ಆದ್ದರಿಂದ ಗಾಡಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ಲೋಡ್ ಹಿಡಿಯುವ ಸಾಮಾನಿಗೆ ಮೊದಲೇ ತೆಗೆದಿಡಿ. ಪೇಂಟು, ಸೀಟ್ ಕವರ್, ಹಾರ್ನ್ ಎಲ್ಲ ನಾಲ್ಕು ಟ್ರಿಪ್ ಆದ ಮೇಲೆ ನೋಡಿಕೊಳ್ಳಬಹುದು.

ತೂಕದ ಲೆಕ್ಕ

ಅಡ್ವಾನ್ಸ್ ಕೊಡುವ ಮುಂಚೆ ಎರಡು ಆರ್‌ಸಿ ಕೇಳಿ. ಹಾರ್ಸ್‌ಗೆ ಒಂದು, ಟ್ರೈಲರ್‌ಗೆ ಒಂದು. ಟ್ರೈಲರ್‌ಗೂ ಬೇರೆ ನಂಬರ್ ಇರುತ್ತದೆ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಕೂಡ ಬೇರೆ. ಎಷ್ಟೋ ಜನ ಹಾರ್ಸ್ ಕಾಗದ ಮಾತ್ರ ನೋಡಿ ವ್ಯಾಪಾರ ಮುಗಿಸುತ್ತಾರೆ, ಆಮೇಲೆ ಟ್ರೈಲರ್ ಎಫ್‌ಸಿ ಮುಗಿದು ವರ್ಷ ಆಗಿದೆ ಅಂತ ಗೊತ್ತಾಗುತ್ತದೆ.

ಎಷ್ಟು ಟನ್ ಹಾಕಬಹುದು ಅನ್ನುವುದು ಆಕ್ಸಲ್ ಮೇಲೆ ನಿಂತಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕ ಹೆಚ್ಚಿಸಿತು. ಈಗ ಮುಂದಿನ ಸ್ಟೀರಿಂಗ್ ಆಕ್ಸಲ್‌ಗೆ 7 ಟನ್, ಹಾರ್ಸ್‌ನ ಹಿಂದಿನ ಜೋಡಿ ಆಕ್ಸಲ್‌ಗೆ 21, ಟ್ರೈಲರ್‌ನ ಮೂರು ಆಕ್ಸಲ್‌ಗೆ 27. ಒಟ್ಟು 55 ಟನ್. ಹಳೇ ಲೆಕ್ಕದಲ್ಲಿ ಇದೇ ಗಾಡಿಗೆ 49 ಇತ್ತು. ಹಳೇ ಗಾಡಿಯ ಆರ್‌ಸಿಯಲ್ಲಿ ಇನ್ನೂ 49 ಅಂತಲೇ ಇರಬಹುದು. ಆಗ ಆರ್‌ಸಿಯಲ್ಲಿ ಬರೆದಿರುವುದೇ ನಿಮ್ಮ ಲೆಕ್ಕ, ಪಕ್ಕದ ಗಾಡಿಯವನು ಹೇಳಿದ್ದಲ್ಲ.

ಖಾಲಿ ಗಾಡಿಯನ್ನು ಒಮ್ಮೆ ಗಾಡಿ ತೂಗುವ ವೇಬ್ರಿಡ್ಜ್ ಮೇಲೆ ಹತ್ತಿಸಿ. ಡೀಸೆಲ್ ಫುಲ್ ಇರಲಿ. ಸ್ಟೆಪ್ನಿ, ಚೈನು, ಮರದ ತುಂಡು, ತಾರ್ಪಾಲು ಎಲ್ಲ ಮೇಲೆಯೇ ಇರಲಿ. ಖಾಲಿ ತೂಕ 17 ಟನ್ ಬಂತು ಅಂದುಕೊಳ್ಳಿ, 55ರ ಗಾಡಿಗೆ ಉಳಿಯುವುದು 38. ಈ ಚೀಟಿ ಡ್ಯಾಶ್‌ಬೋರ್ಡಲ್ಲೇ ಇರಬೇಕು. ತೂಕ ಜಾಸ್ತಿಯಾಗಿ ಸಿಕ್ಕಿಬಿದ್ದರೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್‌ಗೆ 2,000. ಮಾಲು ಇಳಿಸುವ ಖರ್ಚೂ ನಿಮ್ಮದೇ.

ಒಟ್ಟು ತೂಕ ಸರಿ ಇದ್ದರೆ ಸಾಕಾ? ಸಾಲದು. ತೂಕ ಎಲ್ಲಿ ಕೂತಿದೆ ಅಂತಲೂ ನೋಡಬೇಕು. ಲೋಡ್ ಆದ ಮೇಲೆ ವೇಬ್ರಿಡ್ಜ್ ಮೇಲೆ ಮೊದಲು ಹಾರ್ಸ್‌ನ ಮೂರು ಆಕ್ಸಲ್ ಮಾತ್ರ ಹತ್ತಿಸಿ ತೂಕ ಬರೆದುಕೊಳ್ಳಿ, ಆಮೇಲೆ ಪೂರ್ತಿ ಗಾಡಿ ಹತ್ತಿಸಿ. ಪೂರ್ತಿ 52.6, ಹಾರ್ಸ್ 26.9 ಬಂದರೆ ಟ್ರೈಲರ್ ಆಕ್ಸಲ್ ಮೇಲೆ 25.7 ಇದೆ ಅಂತ ಅರ್ಥ. ಹಾರ್ಸ್‌ಗೆ 28, ಟ್ರೈಲರ್‌ಗೆ 27, ಎರಡೂ ಮೀರಿಲ್ಲ. ಬ್ಲಾಕ್ ತೀರಾ ಹಿಂದಕ್ಕೆ ಕೂತರೆ ಹಾರ್ಸ್ ಹಗುರ ಆಗುತ್ತದೆ, ಮಳೆಯಲ್ಲಿ ಏರು ಹತ್ತುವಾಗ ಚಕ್ರ ಸುಮ್ನೆ ತಿರುಗುತ್ತದೆ. ತೀರಾ ಮುಂದಕ್ಕೆ ಕೂತರೆ ಜೋಡಿ ಆಕ್ಸಲ್‌ನ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಕೂಗುತ್ತದೆ.

ಬೆಡ್ ನೋಡುವಾಗ

ಟ್ರೈಲರ್ ಕೆಳಗೆ ಮಲಗಿ ನೋಡಬೇಕು. ಬಟ್ಟೆ ಕೊಳೆಯಾಗುತ್ತದೆ, ಆಗಲಿ. ಎರಡು ಉದ್ದದ ಐ-ಬೀಮ್ ಇರುತ್ತವಲ್ಲ, ಮುಂಭಾಗದಲ್ಲಿ ಅವು ಸಣ್ಣದಾಗುವ ಕುತ್ತಿಗೆಯ ಜಾಗ, ಕಿಂಗ್‌ಪಿನ್ (ಟ್ರೈಲರನ್ನು ಹಾರ್ಸ್‌ಗೆ ಸೇರಿಸುವ ಗೂಟ) ಇರುವ ಪ್ಲೇಟಿನ ಸುತ್ತ, ಪಾಟಾ ಬ್ರಾಕೆಟ್ ವೆಲ್ಡ್ ಮಾಡಿದ ಜಾಗ, ಈ ಮೂರು ಕಡೆ ವೈರ್ ಬ್ರಷ್ ಹಾಕಿ ಉಜ್ಜಿ ಟಾರ್ಚ್ ಬಿಡಿ. ಕೂದಲೆಳೆಯಷ್ಟು ಗೆರೆಯಲ್ಲಿ ತುಕ್ಕಿನ ನೀರು ಇಳಿದ ಕಲೆ ಕಂಡರೆ ಅದು ಬಿರುಕು. ಹೊಸ ಪೇಂಟ್ ಹೊಡೆದ ಟ್ರೈಲರ್ ಆದರೆ ಇನ್ನೂ ಹುಷಾರಾಗಿ ನೋಡಿ.

ಚೈನ್ ಹಾಕುವ ರಿಂಗು ಬೆಡ್‌ನ ಎರಡೂ ಪಕ್ಕದಲ್ಲಿ, ಅಡ್ಡ ಬೀಮ್‌ಗೆ ಸೇರಿದ ಹಾಗೆ ಇರಬೇಕು. ಬರೀ ಪಕ್ಕದ ಪಟ್ಟಿಗೆ ಅಂಟಿಸಿದ ಹಗ್ಗದ ಕೊಂಡಿ ಇರುತ್ತದಲ್ಲ, ಅದು ತಾರ್ಪಾಲಿನ ಹಗ್ಗಕ್ಕೆ ಸರಿ. ಅದಕ್ಕೆ ಚೈನ್ ಹಾಕಿ ಟೈಟ್ ಮಾಡಿದರೆ ಕಿತ್ತು ಕೈಗೆ ಬರುತ್ತದೆ. ರಿಂಗ್ ಕಡಿಮೆ ಇದ್ದರೆ ಹಾಕಿಸಿ. ನಾಮಕ್ಕಲ್ ಕಡೆ ಬಾಡಿ ಕಟ್ಟುವವರಿಗೆ ಇದು ದಿನದ ಕೆಲಸ. ಎಲ್ಲೋ ರೋಡ್ ಪಕ್ಕದಲ್ಲಿ ವೆಲ್ಡಿಂಗ್ ಮಾಡಿಸಬೇಡಿ.

ಇನ್ನು ಮುಂದಿನ ಗೋಡೆ, ಅಂದರೆ ಕ್ಯಾಬಿನ್ ಮತ್ತು ಲೋಡಿನ ಮಧ್ಯೆ ನಿಲ್ಲುವ ಹೆಡ್‌ಬೋರ್ಡ್. ಇದು ಇಲ್ಲದ ಟ್ರೈಲರ್‌ನಲ್ಲಿ ಕಂಬಿ ಹಾಕಲೇಬೇಡಿ. ಜೋರಾಗಿ ಬ್ರೇಕ್ ಹೊಡೆದಾಗ ಲೋಡ್ ತನ್ನ ತೂಕದ ಶೇಕಡ 80ರಷ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ ಅಂತ ಲೆಕ್ಕ ಹಿಡಿದೇ ಲೋಡ್ ಕಟ್ಟುವ ಸಾಮಾನಿನ ನಿಯಮ ಮಾಡಿದ್ದಾರೆ. ತಿರುವಿನಲ್ಲಿ ಪಕ್ಕಕ್ಕೆ ಶೇಕಡ 50. 20 ಟನ್ ಕಂಬಿ ಅಂದರೆ 16 ಟನ್ ಬಲ ನಿಮ್ಮ ಬೆನ್ನ ಹಿಂದೆ ಬರುತ್ತದೆ. ಕಂಬಿಯ ಕಟ್ಟು ಹೆಡ್‌ಬೋರ್ಡಿಗೆ ತಾಗಿಕೊಂಡೇ ಇರಲಿ. ನಡುವೆ ಒಂದಡಿ ಜಾಗ ಬಿಟ್ಟರೂ ಆ ಒಂದಡಿಯಲ್ಲೇ ಅದು ವೇಗ ತೆಗೆದುಕೊಳ್ಳುತ್ತದೆ.

ಚೈನ್, ಬೈಂಡರ್, ಬೆಣೆ

ಗ್ರಾನೈಟ್ ಒಂದು ಕ್ಯೂಬಿಕ್ ಮೀಟರ್ ಸುಮಾರು 2.7 ಟನ್ ತೂಗುತ್ತದೆ. 3 ಮೀಟರ್ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ ಬ್ಲಾಕ್ ಅಂದರೆ 18 ಟನ್ ದಾಟಿತು. ಕ್ವಾರಿಯಲ್ಲಿ ಟೇಪ್ ಹಿಡಿದು ನೀವೇ ಈ ಗುಣಾಕಾರ ಮಾಡಿಕೊಳ್ಳಿ, ಬಾಯಿಮಾತಿನ ತೂಕ ನಂಬಬೇಡಿ.

ಇದಕ್ಕೆ ಗ್ರೇಡ್ 80 ಚೈನ್ ಬೇಕು. ಕೊಂಡಿಗಳ ಮೇಲೆ ಅಲ್ಲಲ್ಲಿ 8 ಅಥವಾ 80 ಅಂತ ಗುದ್ದಿರುತ್ತಾರೆ. ಗುರುತು ಇಲ್ಲದ ಚೈನ್ ಎಷ್ಟು ದಪ್ಪ ಇದ್ದರೂ ಬೇಡ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವುದು ಗೇಟ್ ಕಟ್ಟುವುದಕ್ಕೆ. ಗ್ರೇಡ್ 80ರಲ್ಲಿ 8 ಎಂಎಂ ಚೈನ್ 2 ಟನ್, 10 ಎಂಎಂ 3.15 ಟನ್, 13 ಎಂಎಂ 5.3 ಟನ್ ಕೆಲಸದ ತೂಕ, ಅಂದರೆ ಅಪಾಯ ಇಲ್ಲದೆ ಹಾಕಬಹುದಾದ ತೂಕ, ಹೊರುತ್ತದೆ. ಕಟ್ಟಿದ ಎಲ್ಲ ಚೈನ್‌ಗಳ ಕೆಲಸದ ತೂಕ ಕೂಡಿದರೆ ಲೋಡಿನ ಅರ್ಧಕ್ಕೆ ಕಡಿಮೆ ಇರಬಾರದು, ಇದು ನಾನು ಇಟ್ಟುಕೊಂಡ ಲೆಕ್ಕ. 18 ಟನ್ನಿನ ಅರ್ಧ 9. ಲೆಕ್ಕಕ್ಕೆ 10 ಎಂಎಂ ಮೂರು ಚೈನ್ ಸಾಕು. ನಾನು ಒಂದು ಬ್ಲಾಕಿಗೆ ನಾಲ್ಕು ಹಾಕುತ್ತೇನೆ, ಆರು ಗಾಡಿಯಲ್ಲಿ ಇಟ್ಟಿರುತ್ತೇನೆ.

ಚೈನ್ ಬಿಗಿಯುವ ಬೈಂಡರ್ ಕೂಡ ಅದೇ ತೂಕ ಹೊರುವಂಥದ್ದಾಗಿರಬೇಕು. 10 ಎಂಎಂ ಚೈನಿಗೆ ಸಣ್ಣ ಬೈಂಡರ್ ಹಾಕಿದರೆ ಚೈನಿಗೆ ಕೊಟ್ಟ ದುಡ್ಡು ದಂಡ. ಲಿವರ್ ಬೈಂಡರ್ ಬೇಡ, ರ್ಯಾಚೆಟ್ ಬೈಂಡರ್ ತಗೊಳ್ಳಿ. ಲಿವರ್ ಬೈಂಡರ್ ಬಿಚ್ಚುವಾಗ ಹಿಡಿ ಸಿಡಿದು ಬಂದು ದವಡೆ ಒಡೆಸಿಕೊಂಡವರನ್ನು ನಾನೇ ನೋಡಿದ್ದೇನೆ. ರ್ಯಾಚೆಟ್‌ನದು ಸ್ವಲ್ಪ ನಿಧಾನ, ಬೆಲೆಯೂ ಜಾಸ್ತಿ, ಆದರೆ ಹಲ್ಲು ಹಲ್ಲಾಗಿ ಬಿಗಿಯುತ್ತದೆ, ಹಾಗೇ ಬಿಚ್ಚುತ್ತದೆ. ಹಿಡಿಗೆ ಪೈಪ್ ಹಾಕಿ ಉದ್ದ ಮಾಡಿ ಎಳೆಯಬೇಡಿ.

ಬ್ಲಾಕಿನ ಕೆಳಗೆ ಏನು ಹಾಕುತ್ತೀರಿ ಅನ್ನುವುದು ಚೈನಿನಷ್ಟೇ ಮುಖ್ಯ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಬೇರೆಯವರ ಗಾಡಿಗೆ ಡ್ರೈವರ್ ಆಗಿದ್ದ ಹೊಸದು. ಡೆಂಕಣಿಕೋಟೆ ಕಡೆಯ ಕ್ವಾರಿಯಲ್ಲಿ ರಾತ್ರಿ ಮಳೆ ಬಂದಿತ್ತು. ಮರದ ತುಂಡುಗಳ ಮೇಲೆ ಕಲ್ಲುಪುಡಿಯ ಕೆಸರು ಮೆತ್ತಿಕೊಂಡಿತ್ತು. ಒರೆಸಲಿಲ್ಲ, ಹಾಗೇ ಕ್ರೇನಿನವನು ಬ್ಲಾಕ್ ಇಳಿಸಿದ. ಮಾಲೀಕರು ಕೊಟ್ಟಿದ್ದು ಎರಡೇ ಚೈನ್, ಅದರಲ್ಲೂ ಒಂದು ಸವೆದದ್ದು. ಹೊಸೂರು ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಒಂದು ದನ ಅಡ್ಡ ಬಂತು, ಬ್ರೇಕ್ ಹೊಡೆದೆ. ಹಿಂದೆ ಗರ್ ಅಂತ ಒಂದು ಸದ್ದು, ಸೀಟಿನ ಕೆಳಗಿಂದ ಬಂದ ಹಾಗೆ. ಇಳಿದು ನೋಡಿದರೆ ಬ್ಲಾಕ್ ಒಂದು ಗೇಣು ಮುಂದೆ ಬಂದು ನಿಂತಿದೆ, ಮರದ ಮೇಲೆ ಅದು ಜಾರಿದ ಬಿಳಿ ಗೆರೆ ಸ್ಪಷ್ಟವಾಗಿ ಕಾಣುತ್ತಿದೆ, ಹಿಂದಿನ ಚೈನ್ ತಂತಿಯ ಹಾಗೆ ಬಿಗಿದು ಒಂದು ಕೊಂಡಿ ಉದ್ದ ಆಗಿದೆ. ಆ ಕೊಂಡಿ ಹಿಡಿದದ್ದಕ್ಕೆ ನಾನಿದ್ದೇನೆ.

ಅಂದಿನಿಂದ ಮರವನ್ನು ಪೊರಕೆ ಹಾಕಿ, ಒಣ ಬಟ್ಟೆಯಲ್ಲಿ ಒರೆಸದೆ ಬ್ಲಾಕ್ ಇಳಿಸಲು ಬಿಡುವುದಿಲ್ಲ. ಹುಣಸೆ, ಜಾಲಿ ಥರದ ಗಟ್ಟಿ ಮರ, ಚೌಕವಾಗಿ ಕೊಯ್ದದ್ದು ಬೇಕು. ನೀಲಗಿರಿ ಮರದ ದುಂಡು ಕಂಬ ಹಾಕಿದರೆ ಅದು ಉರುಳುತ್ತದೆ. ಮರದ ಮೇಲೂ ಕೆಳಗೂ ರಬ್ಬರ್ ಪಟ್ಟಿ ಹಾಸಿ. ಜಲ್ಲಿ ಕ್ರಷರ್‌ಗಳಲ್ಲಿ ಸವೆದು ತೆಗೆದ ಕನ್ವೇಯರ್ ಬೆಲ್ಟ್ ಇರುತ್ತದೆ, ಕೇಳಿದರೆ ಕಡಿಮೆ ದುಡ್ಡಿಗೆ ಕೊಡುತ್ತಾರೆ, ಒಂದಡಿ ಅಗಲಕ್ಕೆ ಕತ್ತರಿಸಿ ಇಟ್ಟುಕೊಳ್ಳಿ. ಕಬ್ಬಿಣದ ಮೇಲೆ ಬರೀ ಮರ ಇಡುವುದಕ್ಕೂ ರಬ್ಬರ್ ಹಾಸಿ ಇಡುವುದಕ್ಕೂ ಹಿಡಿತದಲ್ಲಿ ತುಂಬಾ ವ್ಯತ್ಯಾಸ ಇದೆ. ಕ್ವಾರಿ ಬ್ಲಾಕಿನ ತಳ ಸಮ ಇರುವುದಿಲ್ಲ ಅಲ್ವಾ, ಅದಕ್ಕೆ ನಾಲ್ಕೂ ಕಡೆ ಬೆಣೆ ಹೊಡೆದು ಅಲ್ಲಾಡದ ಹಾಗೆ ಮಾಡಿ. ಬೆಣೆ ಹೊರಬರದಂತೆ ಹಿಂದೆ ಒಂದು ಅಡ್ಡಪಟ್ಟಿ ಇರಲಿ.

ಚೈನ್ ಹಾಕುವ ರೀತಿ ಎರಡು. ಮೇಲಿಂದ ಅಡ್ಡ ಹಾಕಿ ಬಿಗಿದರೆ ಲೋಡನ್ನು ಬೆಡ್‌ಗೆ ಒತ್ತುತ್ತದೆ. ಚೈನ್ ನೆಟ್ಟಗೆ ಇಳಿದಷ್ಟೂ ಒತ್ತು ಜಾಸ್ತಿ, ವಾರೆಯಾಗಿ ಬೆಡ್‌ಗೆ 30 ಡಿಗ್ರಿಯಲ್ಲಿ ಇಳಿದರೆ ಒತ್ತು ಅರ್ಧ ಆಗಿಬಿಡುತ್ತದೆ. ಅಂದರೆ ಗಿಡ್ಡ ಲೋಡಿಗೆ ಮೇಲಿನ ಚೈನ್ ಹೆಚ್ಚು ಕೆಲಸ ಮಾಡುವುದಿಲ್ಲ. ಎರಡನೆಯದು ಲೋಡಿನ ಮುಂದೆ ಹಿಂದೆ ಕತ್ತರಿ ಹಾಕಿ ಎಳೆದು ಹಿಡಿಯುವುದು. ಬ್ಲಾಕಿಗೆ ಎರಡೂ ಬೇಕು. ಎರಡು ಕತ್ತರಿ ಚೈನ್ ಮುಂದಕ್ಕೆ ಜಾರದಂತೆ, ಎರಡು ಮೇಲಿಂದ. ಚೈನ್ ಕಲ್ಲಿನ ಮೂಲೆಗೆ ತಾಗುವ ಕಡೆ ಹಳೇ ಟೈರಿನ ತುಂಡು ಇಡಿ, ಮೂಲೆ ಒಡೆದರೆ ಚೈನ್ ಸಡಿಲ ಆಗುತ್ತದೆ, ಪಾರ್ಟಿಯೂ ಬಾಡಿಗೆಯಲ್ಲಿ ಹಿಡಿಯುತ್ತಾರೆ.

ಉದ್ದ ಆದ, ಬಾಗಿದ, ಬಿರುಕಿನ ಕೊಂಡಿ ಇರುವ ಚೈನನ್ನು ವೆಲ್ಡ್ ಮಾಡಿಸಿ ಮತ್ತೆ ಬಳಸಬೇಡಿ. ಗ್ರೇಡ್ 80 ಹದ ಮಾಡಿದ ಉಕ್ಕು, ವೆಲ್ಡಿಂಗ್ ಬಿಸಿಗೆ ಆ ಹದ ಹೋಗುತ್ತದೆ.

ಬೆಲ್ಟು, ಕಂಬಿ, ಕಾಯಿಲ್

ಮೆಷಿನ್, ಪೈಪ್, ಪೇಂಟ್ ಆದ ಮಾಲಿಗೆ ಚೈನ್ ಬೇಡ, 50 ಎಂಎಂ ರ್ಯಾಚೆಟ್ ಬೆಲ್ಟ್ ಸಾಕು. ಒಂದು ಹತ್ತು ಬೆಲ್ಟ್ ಇಟ್ಟುಕೊಳ್ಳಿ. ಅದಕ್ಕೆ ಹೊಲಿದ ಲೇಬಲ್ಲಿನಲ್ಲಿ ಎಷ್ಟು ಹೊರುತ್ತದೆ ಅಂತ ಇರುತ್ತದೆ, ಆ ಲೇಬಲ್ ಕಿತ್ತು ಹೋದ ಬೆಲ್ಟನ್ನು ನಂಬಬೇಡಿ. ಅಂಚಿನಲ್ಲಿ ಕತ್ತರಿಸಿದ್ದರೆ, ಬಿಸಿಲಿಗೆ ಬಣ್ಣ ಹೋಗಿ ಒರಟಾಗಿದ್ದರೆ ಎಸೆಯಿರಿ. ಚೂಪಾದ ಮೂಲೆಗೆ ಕಾರ್ನರ್ ಪೀಸ್ ಇಡದೆ ಬೆಲ್ಟ್ ಹಾಕಿದರೆ ಮೂವತ್ತು ಕಿಲೋಮೀಟರಿಗೆ ಕೊಯ್ದುಬಿಡುತ್ತದೆ.

ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದ, ಅಂದರೆ 39 ಅಡಿ ಮೇಲೆ ಸ್ವಲ್ಪ. ನಲವತ್ತಡಿ ಬೆಡ್‌ನಲ್ಲಿ ಸರಿಯಾಗಿ ಕೂರುತ್ತದೆ. ಇದಕ್ಕಿಂತ ಗಿಡ್ಡ ಬೆಡ್‌ನಲ್ಲಿ ಹಿಂದಕ್ಕೆ ಚಾಚಿ, ಕೆಂಪು ಬಟ್ಟೆ ಕಟ್ಟಿಕೊಂಡು ಹೋಗುವ ಕಾಲ ಮುಗಿಯಿತು, 2014ರಲ್ಲೇ ನಿಯಮ ಬದಲಾಗಿದೆ. ಮಾಲು ಹೊರಗೆ ಚಾಚಿದ್ದಕ್ಕೂ ದಂಡ 20,000. ದಂಡ ಹಾಗಿರಲಿ, ರಾತ್ರಿ ಹಿಂದೆ ಬರುವ ಕಾರಿನವನಿಗೆ ಆ ಕಂಬಿಯ ತುದಿ ಕಾಣುವುದೇ ಇಲ್ಲ. ಬೇಡ.

ಕಾಯಿಲ್ ಬೇರೆಯದೇ ಕೆಲಸ. ಬಳ್ಳಾರಿ ಕಡೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ನಮ್ಮ ಕಡೆಯ ಫ್ಯಾಕ್ಟರಿಗಳಿಗೆ ಬರುವ ಕಾಯಿಲ್ ಒಂದೊಂದೇ 20 ಟನ್ ಮೇಲೆ ಇರಬಹುದು, ದುಂಡಗೆ ಇರುವುದರಿಂದ ಉರುಳಲು ಕಾದು ಕೂತಿರುತ್ತದೆ. ಅದಕ್ಕೆ ವಿ ಆಕಾರದ ತೊಟ್ಟಿಲು ಬೇಕು, ಬೆಡ್‌ಗೆ ಬೋಲ್ಟ್ ಆಗಿರಬೇಕು, ಕಾಯಿಲಿನ ತಳ ಬೆಡ್‌ಗೆ ತಾಗದೆ ಎರಡು ಇಳಿಜಾರಿನ ಮೇಲೆ ಮಾತ್ರ ಕೂರಬೇಕು. ಚೈನ್ ಕಾಯಿಲಿನ ಕಣ್ಣಿನೊಳಗೆ ಹೋಗಿ ಎರಡೂ ಕಡೆ ಎಳೆಯಬೇಕು. ತೊಟ್ಟಿಲು ಇಲ್ಲದಿದ್ದರೆ ಕಾಯಿಲ್ ಲೋಡ್ ಒಪ್ಪಿಕೊಳ್ಳಬೇಡಿ, ಬಾಡಿಗೆ ಎಷ್ಟೇ ಚೆನ್ನಾಗಿದ್ದರೂ. ನೀರು ತಾಗಿದರೆ ತುಕ್ಕು ಹಿಡಿಯುತ್ತದೆ, ಒಳ್ಳೇ ತಾರ್ಪಾಲ್ ಎರಡು ಇರಲಿ.

ಹಾರ್ಸ್ ಮತ್ತು ಟ್ರೈಲರ್ ಸೇರಿಸುವುದು

ಕಿಂಗ್‌ಪಿನ್ 2 ಇಂಚಿನದೂ ಇದೆ, ಮೂರೂವರೆ ಇಂಚಿನದೂ ಇದೆ. ನಿಮ್ಮ ಹಾರ್ಸ್‌ನ ಫಿಫ್ತ್ ವೀಲ್ (ಕಿಂಗ್‌ಪಿನ್ ಹಿಡಿಯುವ ತಟ್ಟೆ) ಯಾವುದಕ್ಕೆ ಅಂತ ಟ್ರೈಲರ್ ಕೊಳ್ಳುವ ಮುಂಚೆಯೇ ನೋಡಿ. ಸೇರಿಸಿದ ಮೇಲೆ ಟಕ್ ಅಂತ ಸದ್ದು ಬಂತು ಅಂತ ಹೊರಡಬಾರದು. ಟಾರ್ಚ್ ಹಿಡಿದು ಟ್ರೈಲರ್ ಕೆಳಗೆ ಬಗ್ಗಿ ನೋಡಿ. ಪ್ಲೇಟಿಗೂ ಫಿಫ್ತ್ ವೀಲಿಗೂ ಮಧ್ಯೆ ಬೆಳಕು ತೂರಬಾರದು, ದವಡೆ ಕಿಂಗ್‌ಪಿನ್ನಿನ ಕುತ್ತಿಗೆ ಸುತ್ತ ಪೂರ್ತಿ ಮುಚ್ಚಿರಬೇಕು, ಹಿಡಿ ಒಳಗೆ ಹೋಗಿ ಸೇಫ್ಟಿ ಕ್ಲಿಪ್ ಬಿದ್ದಿರಬೇಕು. ಆಮೇಲೆ ಟ್ರೈಲರ್ ಬ್ರೇಕ್ ಹಿಡಿದೇ ಇರುವಾಗ ಫಸ್ಟ್ ಗೇರಿನಲ್ಲಿ ಮೆಲ್ಲಗೆ ಒಮ್ಮೆ ಎಳೆದು ನೋಡಿ. ಕಿಂಗ್‌ಪಿನ್ ಬಿಟ್ಟುಕೊಳ್ಳಲಿಲ್ಲ ಅಂದರೆ ಲ್ಯಾಂಡಿಂಗ್ ಲೆಗ್, ಅಂದರೆ ಟ್ರೈಲರ್ ಒಂದೇ ನಿಲ್ಲುವಾಗ ಊರುವ ಕಾಲು, ಪೂರ್ತಿ ಮೇಲೆತ್ತಿ.

ಏರ್ ಹೋಸ್ ಎರಡೂ ಚಾಸಿಗೆ ಉಜ್ಜದಂತೆ ಸ್ಪ್ರಿಂಗಿಗೆ ನೇತುಹಾಕಿ, ಕಪ್ಲಿಂಗಿನ ರಬ್ಬರ್ ವಾಷರ್ ನಾಲ್ಕು ಜಾಸ್ತಿ ಇಟ್ಟುಕೊಳ್ಳಿ. ಟ್ರೈಲರ್‌ನ ಏರ್ ಟ್ಯಾಂಕಿನ ನೀರು ದಿನಾ ಬಿಡಿ. ಬ್ರೇಕಿನ ಸಡಿಲ ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರ್ ಆರೂ ಚಕ್ರದ್ದು ಒಂದೇ ಸಮ ಇರಲಿ. ಒಂದು ಚಕ್ರ ಮಾತ್ರ ಬ್ರೇಕ್ ಹಿಡಿಯುತ್ತಿದ್ದರೆ ಆ ಡ್ರಮ್ ಕಾದು ಗ್ರೀಸ್ ಕರಗಿ ಬೇರಿಂಗ್ ಹೋಗುತ್ತದೆ.

ಕಾಣುವ ಹಾಗೆ ಇರಬೇಕು

ಟ್ರೈಲರ್ ಉದ್ದಕ್ಕೂ ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್. ಒಳ್ಳೇದನ್ನೇ ಹಾಕಿಸಿ, ಎಫ್‌ಸಿ ದಿನಕ್ಕೆ ಮಾತ್ರ ಅಂಟಿಸುವ ಟೇಪ್ ಎರಡು ಮಳೆಗೆ ಸುಲಿಯುತ್ತದೆ. ಕ್ವಾರಿ ಧೂಳು ಕೂತರೆ ಎಷ್ಟು ಒಳ್ಳೇ ಟೇಪ್ ಆದರೂ ಹೊಳೆಯುವುದಿಲ್ಲ, ಹೊರಡುವ ಮುಂಚೆ ಒಂದು ಒದ್ದೆ ಬಟ್ಟೆ ಆಡಿಸಿ. ಹಿಂದಿನ ಅಡ್ಡ ಕಂಬಿ, ಪಕ್ಕದ ಗಾರ್ಡ್ ಬಾಗಿದ್ದರೆ ನೆಟ್ಟಗೆ ಮಾಡಿಸಿ, ಬೈಕಿನವರು ಒಳಗೆ ನುಗ್ಗದಂತೆ ತಡೆಯುವುದು ಅದೇ. ಗಾಡಿ ಕೆಟ್ಟರೆ ರೋಡಲ್ಲಿ ಇಡುವ ಎಚ್ಚರಿಕೆ ತ್ರಿಕೋನ ಎರಡು, ಚಕ್ರಕ್ಕೆ ಇಡುವ ಬೆಣೆ ನಾಲ್ಕು, ಬೆಂಕಿ ಆರಿಸುವ ಸಿಲಿಂಡರ್, ಜಾಕಿ, ಗಾಳಿ ನೋಡುವ ಗೇಜ್ ಇಷ್ಟೂ ಪೆಟ್ಟಿಗೆಯಲ್ಲಿ ಇರಲಿ. ಟೈರ್ ಬದಲಿಸಿದ ಮೇಲೆ ಐವತ್ತರಿಂದ ನೂರು ಕಿಲೋಮೀಟರ್ ಒಳಗೆ ನಟ್ಟು ಮತ್ತೆ ಬಿಗಿಯಿರಿ.

ಹೊರಟ ಮೇಲೆ

ಮಾಲು ಸಾಗಿಸಲು ಬೇಕಾದ ಜಿಎಸ್‌ಟಿಯ ಇ-ವೇ ಬಿಲ್‌ನ ಅವಧಿ 200 ಕಿಲೋಮೀಟರಿಗೆ ಒಂದು ದಿನ ಅಂತ ಇರುತ್ತದೆ. ಬೆಡ್‌ಗಿಂತ ದೊಡ್ಡ ಮೆಷಿನ್ ಆಗಿ ಓವರ್ ಡೈಮೆನ್ಷನ್ ಅಂತ ಬಿಲ್ ಆದರೆ 20 ಕಿಲೋಮೀಟರಿಗೆ ಒಂದು ದಿನ. ಕಲ್ಲಿಗೆ ಗಣಿ ಇಲಾಖೆಯ ಪಾಸ್ ಬೇರೆ. ಅದರಲ್ಲಿ ಬರೆದ ಸಮಯ, ಗಾಡಿ ನಂಬರ್ ಎರಡನ್ನೂ ಕ್ವಾರಿ ಗೇಟಿನಲ್ಲೇ ಓದಿಕೊಳ್ಳಿ. ಚೆಕ್‌ಪೋಸ್ಟಿನಲ್ಲಿ ನಿಂತು ತಪ್ಪು ಕಂಡುಹಿಡಿದರೆ ಆ ದಿನ ಅಲ್ಲೇ.

ಮೊದಲ ಹತ್ತು ಹದಿನೈದು ಕಿಲೋಮೀಟರಿಗೆ ಗಾಡಿ ನಿಲ್ಲಿಸಲೇಬೇಕು. ಮರ ಒತ್ತಿಕೊಂಡು ಕೂತಿರುತ್ತದೆ, ಬೆಣೆ ಜಾಗ ಹಿಡಿದಿರುತ್ತದೆ, ಚೈನ್ ಸಡಿಲ ಆಗಿಯೇ ಇರುತ್ತದೆ. ಹೋದ ವಾರ ಅಕ್ಕನ ಮಗನ ಮೊದಲ ಟ್ರಿಪ್ಪಿಗೆ ನಾನೂ ಜೊತೆಗೆ ಹೋಗಿದ್ದೆ. ಕ್ವಾರಿಯಲ್ಲಿ ಅವನು ಬಿಗಿದ ಬೈಂಡರ್ ನಾನೇ ಅಲ್ಲಾಡಿಸಿ ನೋಡಿದ್ದೆ, ಕಲ್ಲಿನ ಹಾಗೆ ಇತ್ತು. ಹದಿನಾಲ್ಕು ಕಿಲೋಮೀಟರಿಗೆ ಟೀ ಅಂಗಡಿ ಹತ್ತಿರ ನಿಲ್ಲಿಸಿ ನೋಡಿದರೆ ಹಿಂದಿನ ಎರಡೂ ಬೈಂಡರ್ ಇನ್ನೂ ಮೂರು ಮೂರು ಹಲ್ಲು ಬಿಗಿಸಿಕೊಂಡವು. ಚೈನ್ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡು, ಕಣ್ಣಲ್ಲಿ ನೋಡಿದರೆ ಗೊತ್ತಾಗಲ್ಲ ಅಂತ ಹೇಳಿದೆ. ಆಮೇಲೆ ಎರಡು ಗಂಟೆಗೊಮ್ಮೆ ನೋಡಿದರೆ ಸಾಕು. ಮಳೆ ಬಂದರೆ ಇನ್ನೂ ಬೇಗ.

ಸೇಲಂ ಕಡೆ ಲೋಡ್ ಇದ್ದರೆ ತೊಪ್ಪೂರು ಘಾಟಿ ಇಳಿಯಬೇಕು. ಅಲ್ಲಿ ಎಷ್ಟು ಗಾಡಿ ಬ್ರೇಕ್ ಹಿಡಿಯದೆ ಹೋಗಿವೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಳಿಜಾರು ಶುರುವಾಗುವ ಮುಂಚೆಯೇ ಕೆಳಗಿನ ಗೇರಿಗೆ ಬನ್ನಿ, ಇಂಜಿನ್ನಿನ ಹೊಗೆ ತಡೆದು ಗಾಡಿ ನಿಧಾನ ಮಾಡುವ ಎಕ್ಸಾಸ್ಟ್ ಬ್ರೇಕ್ ಹಾಕಿ, ನ್ಯೂಟ್ರಲ್ ಮುಟ್ಟಲೇಬೇಡಿ. ಕಾಲಿನ ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಅರ್ಧ ದಾರಿಗೆ ಬ್ರೇಕ್ ಹಿಡಿಯುವುದೇ ಇಲ್ಲ. ಘಾಟಿಗೆ ಮುಂಚೆ ನಿಲ್ಲಿಸಿ ಚೈನ್ ಇನ್ನೊಮ್ಮೆ ನೋಡಿ, ಇಳಿಜಾರಿನಲ್ಲಿ ಲೋಡ್ ಇಡೀ ಹೊತ್ತು ಮುಂದಕ್ಕೇ ವಾಲುತ್ತಿರುತ್ತದೆ.

ಮಾಲು ಇಳಿಸಿದ ಮೇಲೆ ಚೈನ್ ಎಣಿಸಿ ಪೆಟ್ಟಿಗೆಗೆ ಹಾಕಿ, ಬೆಲ್ಟ್ ಒಣಗಿಸಿ ಸುತ್ತಿಡಿ, ಬೈಂಡರಿನ ಸ್ಕ್ರೂಗೆ ನಾಲ್ಕು ಹನಿ ಎಣ್ಣೆ ಬಿಡಿ. ಬೆಣೆಗಳನ್ನು ಕ್ವಾರಿಯಲ್ಲೋ ಬಂದರಿನಲ್ಲೋ ಬಿಟ್ಟು ಬರುವುದು ಎಲ್ಲರಿಗೂ ಆಗುತ್ತದೆ. ಅದಕ್ಕೆ ನಾನು ಬೆಣೆಗಳಿಗೆ ಕೆಂಪು ಪೇಂಟ್ ಬಳಿದು ಇಟ್ಟಿದ್ದೇನೆ, ನೆಲದ ಮೇಲೆ ಬಿದ್ದಿದ್ದರೂ ಕಣ್ಣಿಗೆ ಬೀಳುತ್ತದೆ.